ಚಾನೆಲ್ ಎಲ್ಲರಿಗೂ ಸಿಗುತ್ತೆ, ಪಂದ್ಯ ಮಾತ್ರ ಯಾಕೆ ಒಬ್ಬರ ಕೈಯಲ್ಲಿ?

ದೋಸೆಕಾವಲಿ

ಉದಯ ಟಿವಿ ಸನ್ ಗುಂಪಿನದು. ಸನ್ ಡೈರೆಕ್ಟ್ ಕೂಡ ಅವರದೇ. ಆದರೂ ಉದಯ ಟಾಟಾ ಪ್ಲೇ, ಏರ್‌ಟೆಲ್, ಡಿಶ್ ಟಿವಿ, ಊರಿನ ಕೇಬಲ್, ಎಲ್ಲ ಕಡೆ ಬರುತ್ತೆ. "ನಮ್ಮ ಡಿಶ್ ಹಾಕಿಸಿದರೆ ಮಾತ್ರ ಉದಯ" ಅಂತ ಅವರು ಹೇಳಲ್ಲ. ಐಪಿಎಲ್ ಮೊಬೈಲ್‌ನಲ್ಲಿ ನೋಡಬೇಕು ಅಂದರೆ ಮಾತ್ರ ಒಂದೇ ಆ್ಯಪ್. ಒಂದು ಕಡೆ ಕಡ್ಡಾಯ ಹಂಚಿಕೆ, ಇನ್ನೊಂದು ಕಡೆ ಪೂರ್ತಿ ಏಕಸ್ವಾಮ್ಯ. ಕಾನೂನು ಈ ಗೆರೆ ಎಲ್ಲಿ ಎಳೆದಿದೆ? ಸ್ಪರ್ಧಾ ಆಯೋಗ ಇದನ್ನು ನೋಡುತ್ತಾ? "ದೊಡ್ಡವರ ಆಟ ಬಿಡಿ ಗುರು" ಅನ್ನೋ ಉತ್ತರ ದಯವಿಟ್ಟು ಬೇಡ.

ಹೆಡ್‌ಎಂಡ್ ರಾಯರು

ಗೆರೆ ಎಳೆದದ್ದು 2004ರಲ್ಲಿ. ಆ ವರ್ಷ ಜನವರಿಯಲ್ಲಿ ಕೇಂದ್ರ ಸರ್ಕಾರ ಪ್ರಸಾರ ಮತ್ತು ಕೇಬಲ್ ಸೇವೆಗಳನ್ನು ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಕೈಗೆ ಕೊಟ್ಟಿತು, ಡಿಸೆಂಬರ್‌ನಲ್ಲಿ ಟ್ರಾಯ್ ಅಂತರಸಂಪರ್ಕ ನಿಯಮ ಹೊರಡಿಸಿತು. ಯಾವ ಪ್ರಸಾರ ಸಂಸ್ಥೆಯೂ ಒಬ್ಬ ವಿತರಕನಿಗೆ ಮಾತ್ರ ಚಾನೆಲ್ ಕೊಟ್ಟು ಉಳಿದವರಿಗೆ ತಪ್ಪಿಸುವ ಒಪ್ಪಂದ ಮಾಡಿಕೊಳ್ಳಬಾರದು. ಕೇಳಿದ ವಿತರಕರೆಲ್ಲರಿಗೂ ತಾರತಮ್ಯವಿಲ್ಲದೆ ಸಿಗ್ನಲ್ ಕೊಡಬೇಕು. ಕೇಬಲ್ ವಲಯದಲ್ಲಿ ಎಲ್ಲರೂ 'ಮಸ್ಟ್ ಪ್ರೊವೈಡ್' ಅನ್ನುವುದು ಇದನ್ನೇ.

ಆಗ ಅದು ಯಾಕೆ ಬೇಕಾಯಿತು ಅಂದರೆ, ಡಿಟಿಎಚ್ ಆಗಷ್ಟೇ ಕಣ್ಣು ಬಿಡುತ್ತಿತ್ತು. 2003ರಲ್ಲಿ ಬಂದ ಡಿಶ್ ಟಿವಿ ಆಗ ಝೀ ಗುಂಪಿನದು. 2006ರಲ್ಲಿ ಬಂದ ಟಾಟಾ ಸ್ಕೈನಲ್ಲಿ ಸ್ಟಾರ್ ಪಾಲು ಇತ್ತು. ಸನ್ ಡೈರೆಕ್ಟ್ ಸನ್‌ನವರದು. ಈ ನಿಯಮ ಇಲ್ಲದೇ ಹೋಗಿದ್ದರೆ ಕನ್ನಡ ಧಾರಾವಾಹಿ ಒಂದು ಡಿಶ್‌ನಲ್ಲಿ, ಕ್ರಿಕೆಟ್ ಇನ್ನೊಂದರಲ್ಲಿ, ಹಿಂದಿ ಮಗದೊಂದರಲ್ಲಿ ಅಂತ ಮನೆ ಮೇಲೆ ಮೂರು ಛತ್ರಿ ನೆಡಬೇಕಿತ್ತು. ಸ್ಟಾರ್ ಚಾನೆಲ್‌ಗಳಿಗಾಗಿ ಡಿಶ್ ಟಿವಿಯವರು ಟಿಡಿಸ್ಯಾಟ್ (ಟೆಲಿಕಾಂ, ಪ್ರಸಾರ ವ್ಯಾಜ್ಯಗಳ ನ್ಯಾಯಮಂಡಳಿ) ಮೆಟ್ಟಿಲು ಹತ್ತಿದ್ದೂ ಈ ನಿಯಮ ಹಿಡಿದುಕೊಂಡೇ.

ಈಗ ಜಾರಿಯಲ್ಲಿರುವುದು 2017ರ ನಿಯಮ. ಕೆಲಸ ನಡೆಯುವ ರೀತಿ ಹೀಗೆ. ಪ್ರತಿ ಪ್ರಸಾರ ಸಂಸ್ಥೆ ತನ್ನ ಆರ್‌ಐಒ, ಅಂದರೆ ದರ, ರಿಯಾಯಿತಿ, ಷರತ್ತು ಇರುವ ಸಿದ್ಧ ಒಪ್ಪಂದಪತ್ರವನ್ನು ವೆಬ್‌ಸೈಟಿನಲ್ಲಿ ಹಾಕಿರಬೇಕು. ವಿತರಕ ಲಿಖಿತವಾಗಿ ಕೇಳಿದರೆ 60 ದಿನದೊಳಗೆ, ಒಪ್ಪಂದಕ್ಕೆ ಸಹಿ ಆಗಿದ್ದರೆ 30 ದಿನದೊಳಗೆ, ಸಿಗ್ನಲ್ ಕೊಡಬೇಕು ಅಥವಾ ಯಾಕೆ ಕೊಡಲ್ಲ ಅಂತ ಬರೆದು ತಿಳಿಸಬೇಕು. ಅಸಮಂಜಸ ಷರತ್ತು ಹಾಕಿದರೆ ಅದನ್ನೂ ನಿರಾಕರಣೆ ಅಂತಲೇ ಲೆಕ್ಕ. ಸಿಗ್ನಲ್ ಕಡಿಯಬೇಕಾದರೆ ಕಾರಣ ತಿಳಿಸಿ ಕನಿಷ್ಠ ಮೂರು ವಾರ ಮುಂಚೆ ನೋಟಿಸ್.

ವಿತರಕನ ಅರ್ಜಿ ತಿರಸ್ಕಾರ ಆಗುವುದು ಸಾಮಾನ್ಯವಾಗಿ ಎರಡು ಕಡೆ. ಹಳೆ ಬಾಕಿ ಉಳಿಸಿಕೊಂಡವರಿಗೆ ಈ ರಕ್ಷಣೆ ಇಲ್ಲ. ಇನ್ನೊಂದು, ಹೆಡ್‌ಎಂಡ್‌ನ (ಸಿಗ್ನಲ್ ಹಿಡಿದು ಹಂಚುವ ಕೇಂದ್ರದ) ಸಿಎಎಸ್ (ಚಾನೆಲ್ ಬೀಗ ತೆಗೆಯುವ ವ್ಯವಸ್ಥೆ) ಮತ್ತು ಎಸ್‌ಎಂಎಸ್ (ಚಂದಾದಾರರ ನಿರ್ವಹಣಾ ವ್ಯವಸ್ಥೆ) ನಿಯಮದ ಮೂರನೇ ಅನುಸೂಚಿಗೆ ಹೊಂದದೇ ಇರುವುದು. ಯಾವ ಬಾಕ್ಸ್‌ಗೆ ಯಾವ ಚಾನೆಲ್ ತೆರೆದಿದೆ ಅಂತ ಸಿಎಎಸ್ ಹೇಳುವುದಕ್ಕೂ, ಗ್ರಾಹಕರ ಲೆಕ್ಕದ ಎಸ್‌ಎಂಎಸ್ ಹೇಳುವುದಕ್ಕೂ ತಾಳೆ ಆಗದಿದ್ದರೆ, ಅಥವಾ ಫಿಂಗರ್‌ಪ್ರಿಂಟ್ (ಬಾಕ್ಸ್ ಗುರುತಿಸುವ ಸಂಖ್ಯೆ) ಪರದೆ ಮೇಲೆ ಬೀಳದಿದ್ದರೆ, ಅಲ್ಲಿಗೇ ಮುಗಿಯಿತು. ಇದು ನೆಪವೂ ಆಗಬಹುದು, ನಿಜವಾದ ದೋಷವೂ ಇರಬಹುದು. ಅದಕ್ಕೇ ಅರ್ಜಿಗೆ ಮೊದಲೇ ಬೆಸಿಲ್ (ಪ್ರಸಾರ ತಂತ್ರಜ್ಞಾನದ ಸರ್ಕಾರಿ ಸಂಸ್ಥೆ) ಅಥವಾ ಟ್ರಾಯ್ ಪಟ್ಟಿಯಲ್ಲಿರುವ ಲೆಕ್ಕಪರಿಶೋಧಕರಿಂದ ಆಡಿಟ್ ವರದಿ ಮಾಡಿಸಿ ಜೊತೆಗೆ ಲಗತ್ತಿಸುವುದು ಜಾಣತನ.

ಆ್ಯಪ್‌ಗೆ ಇದ್ಯಾವುದೂ ಅನ್ವಯಿಸಲ್ಲ. ನಿಯಮದಲ್ಲಿ 'ವಿತರಕ' ಅಂದರೆ ಎಂಎಸ್‌ಒ (ಊರಿನ ಕೇಬಲ್‌ನವರಿಗೆ ಸಿಗ್ನಲ್ ಕೊಡುವ ದೊಡ್ಡ ಕೇಬಲ್ ಸಂಸ್ಥೆ), ಡಿಟಿಎಚ್, ಹಿಟ್ಸ್ (ಉಪಗ್ರಹದ ಮೂಲಕ ಕೇಬಲ್‌ನವರಿಗೆ ಸಿಗ್ನಲ್ ಕೊಡುವವರು), ಐಪಿಟಿವಿ (ಬ್ರಾಡ್‌ಬ್ಯಾಂಡ್ ತಂತಿಯಲ್ಲಿ ಟಿವಿ ಕೊಡುವವರು). ಆ್ಯಪ್‌ನವರು 2021ರ ಐಟಿ ನಿಯಮದಡಿ ಬರುತ್ತಾರೆ. ಅಲ್ಲಿ ಇರುವುದು ವಯಸ್ಸಿನ ವರ್ಗೀಕರಣ, ದೂರು ಅಧಿಕಾರಿ, ನೀತಿಸಂಹಿತೆ. ಸಗಟು ದರದ ಮಾತೇ ಇಲ್ಲ.

ಹುಬ್ಬಳ್ಳಿ ಡಿಕೋಡರ್

ರಾಯರು ಹೇಳಿದ್ದು ಖರೆ ಅದ, ಆದ್ರ ಕಾಗದದ ಮ್ಯಾಲೆ ಖರೆ. ಎಲ್ಲರಿಗೂ ಚಾನೆಲ್ ಸಿಗತದ, ಎಲ್ಲರಿಗೂ ಒಂದ ರೇಟಿನಾಗ ಸಿಗತದೇನ್ರಿ? ರಿಯಾಯಿತಿ ಅನ್ನೋ ಬಾಗಿಲಾಗ ಹಾದು ಮತ್ತ ಅದ ಏಕಸ್ವಾಮ್ಯ ಒಳಗ ಬರತದ. ಭಟ್ರು ಲೆಕ್ಕ ಬಿಡಿಸಿ ಹೇಳ್ಲಿ.

ಕುಂದಾಪ್ರ ಭಟ್ರು

ಹೇಳುವ ಮಾರಾಯ್ರೆ. 19 ರೂಪಾಯಿಯ ಒಂದು ಚಾನೆಲ್ ತಗೊಳ್ಳಿ. ಗ್ರಾಹಕ ಕೊಡುವುದು 18% ಜಿಎಸ್‌ಟಿ ಸೇರಿ 22.42 ರೂ. ತೆರಿಗೆ ಬಿಟ್ಟು 19ರಲ್ಲಿ ಪ್ರಸಾರ ಸಂಸ್ಥೆ ವಿತರಕನಿಗೆ ಕನಿಷ್ಠ 20% ವಿತರಣಾ ಶುಲ್ಕ ಬಿಡಬೇಕು, ಅದು 3.80 ರೂ. ಎಂಎಸ್‌ಒ ಮತ್ತು ಊರಿನ ಕೇಬಲ್‌ನವರ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ ಇದು 55:45ರಲ್ಲಿ ಹಂಚಿಕೆ. ಅಂದರೆ ಎಂಎಸ್‌ಒಗೆ 2.09, ನಿಮ್ಮ ಮನೆಗೆ ತಂತಿ ಎಳೆದವನಿಗೆ 1.71.

ಇದರ ಮೇಲೆ ಪ್ರಸಾರ ಸಂಸ್ಥೆ ಇನ್ನೂ 15% ತನಕ ರಿಯಾಯಿತಿ ಕೊಡಬಹುದು. ಒಟ್ಟು 35% ಮೀರುವ ಹಾಗಿಲ್ಲ. ಆ 15% ಅಂದರೆ 2.85 ರೂ. ಎಂಎಸ್‌ಒ ನಿಜವಾಗಿ ಕಣ್ಣಿಡುವುದು ಇದರ ಮೇಲೆ, ಯಾಕಂದರೆ ತನ್ನ 2.09ಕ್ಕಿಂತ ಇದು ದೊಡ್ಡದು. ಷರತ್ತು ಎಲ್ಲರಿಗೂ ಒಂದೇ ಅಂತ ನಿಯಮ. ಆದರೆ ಷರತ್ತು ಬರೆಯುವ ರೀತಿ ನೋಡಿ: "ನಿಮ್ಮ ಚಂದಾದಾರರಲ್ಲಿ ಇಂತಿಷ್ಟು ಶೇಕಡಾ ಜನ ನಮ್ಮ ಈ ಬೊಕೆ (ಚಾನೆಲ್‌ಗಳ ಗೊಂಚಲು) ಹಾಕಿಸಿಕೊಂಡಿದ್ದರೆ ಇಷ್ಟು ರಿಯಾಯಿತಿ." ಆಗ ಎಂಎಸ್‌ಒ ಮಾಡುವುದೇನು? ತನ್ನ ಮೂಲ ಪ್ಯಾಕ್‌ನಲ್ಲೇ ಆ ಬೊಕೆ ಸೇರಿಸಿಬಿಡುತ್ತಾನೆ. ಗ್ರಾಹಕ ಬಿಡಿಯಾಗಿ ಆರಿಸಬಹುದು ಅಂತ ಕಾನೂನು ಇದ್ದರೂ ಆರಿಸುವವರು ಕಡಿಮೆ. ಎರಡನೇ ಪ್ರಸಾರ ಸಂಸ್ಥೆಗೆ ಆ ಮನೆಯ ತಿಂಗಳ ಬಜೆಟ್‌ನಲ್ಲಿ ಜಾಗವೇ ಉಳಿಯುವುದಿಲ್ಲ. ಬಾಗಿಲು ಹಾಕಿದ್ದಲ್ಲ, ಕೋಣೆ ಭರ್ತಿ ಮಾಡಿದ್ದು.

ಚಂದಾದಾರರ ಲೆಕ್ಕವೂ ಇಲ್ಲೇ ಮುಖ್ಯ. ತಿಂಗಳ 7, 14, 21, 28ನೇ ತಾರೀಕು, ಸಂಜೆ 7ರಿಂದ ರಾತ್ರಿ 11ರ ಒಳಗೆ ಒಮ್ಮೆ ಎಣಿಕೆ, ನಾಲ್ಕರ ಸರಾಸರಿಗೆ ಬಿಲ್ಲು. 1000, 1000, 1200, 1200 ಬಂದರೆ 1100ಕ್ಕೆ ಹಣ. ಟಿವಿ ಆಫ್ ಆಗಿದ್ದರೂ ಬಾಕ್ಸ್‌ಗೆ ಚಾನೆಲ್ ತೆರೆದಿದ್ದರೆ ಅದು ಎಣಿಕೆಯಲ್ಲಿ ಬರುತ್ತದೆ. 8ಕ್ಕೆ ಹಾಕಿಸಿ 13ಕ್ಕೆ ತೆಗೆಸಿದರೆ ಬರುವುದಿಲ್ಲ. ಕ್ರಿಕೆಟ್ ಸರಣಿಯ ಹೊತ್ತಿಗೆ ಈ ಸಂದಿಯಲ್ಲೇ ಜಗಳ ಹುಟ್ಟುವುದು.

ಕಾನೂನು ಕಟ್ಟೆ

ಭಟ್ಟರು ಹೇಳಿದ ಬೊಕೆ ವಿಷಯಕ್ಕೆ ನ್ಯಾಯಾಲಯದ ಕಥೆಯೂ ಅಂಟಿಕೊಂಡಿದೆ. 2017ರ ದರ ಆದೇಶದಲ್ಲಿ ಬೊಕೆಗೆ ಗರಿಷ್ಠ 15% ರಿಯಾಯಿತಿ ಅಂತ ಟ್ರಾಯ್ ಇಟ್ಟಿತ್ತು. ಸ್ಟಾರ್ ಇಂಡಿಯಾ ಮತ್ತು ವಿಜಯ್ ಟೆಲಿವಿಷನ್ ಮದ್ರಾಸ್ ಹೈಕೋರ್ಟಿಗೆ ಹೋದವು. ಉಳಿದ ಚೌಕಟ್ಟು ನಿಂತಿತು, ಆ 15% ಮಿತಿ ಮಾತ್ರ ಬಿದ್ದುಹೋಯಿತು. 2018ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಚೌಕಟ್ಟನ್ನು ಎತ್ತಿಹಿಡಿಯಿತು. 2019ರಲ್ಲಿ ಹೊಸ ದರ ಜಾರಿಯಾದಾಗ ರಿಯಾಯಿತಿಗೆ ಲಗಾಮೇ ಇರಲಿಲ್ಲ. ಬಿಡಿ ಚಾನೆಲ್‌ಗೆ 19 ರೂ. ಇಟ್ಟು, ಅದೇ ಚಾನೆಲ್ ಇರುವ ದೊಡ್ಡ ಬೊಕೆಯನ್ನು ಅಗ್ಗಕ್ಕೆ ಕೊಟ್ಟರೆ ಬಿಡಿಯಾಗಿ ಯಾರು ತಗೊಳ್ತಾರೆ?

2020ರ ಜನವರಿ 1ರ ತಿದ್ದುಪಡಿಯಲ್ಲಿ ಟ್ರಾಯ್ ಎರಡು ಅಳತೆ ತಂದಿತು. ಬೊಕೆಯಲ್ಲಿರುವ ಚಾನೆಲ್‌ಗಳ ಬಿಡಿ ದರಗಳ ಮೊತ್ತ ಬೊಕೆ ದರದ ಒಂದೂವರೆ ಪಟ್ಟು ಮೀರಬಾರದು. ಒಂದು ಚಾನೆಲ್‌ನ ಬಿಡಿ ದರ ಆ ಬೊಕೆಯ ಸರಾಸರಿ ಚಾನೆಲ್ ದರದ ಮೂರು ಪಟ್ಟು ಮೀರಬಾರದು. 2021ರ ಜೂನ್ 30ರಂದು ಬಾಂಬೆ ಹೈಕೋರ್ಟ್ ಮೊದಲನೆಯದನ್ನು ಉಳಿಸಿ ಎರಡನೆಯದನ್ನು ತೆಗೆಯಿತು. ಬೊಕೆಗೆ ಸೇರುವ ಚಾನೆಲ್‌ಗೆ 12 ರೂ. ಮಿತಿ ಅಂತ ಆಗ ಇಟ್ಟದ್ದನ್ನು 2022ರ ನವೆಂಬರ್ 22ರ ತಿದ್ದುಪಡಿ ಮತ್ತೆ 19ಕ್ಕೆ ಏರಿಸಿತು, ಬೊಕೆ ರಿಯಾಯಿತಿಗೆ 45% ಮಿತಿ ಹಾಕಿತು. ಎರಡೂ ಕಡೆಯವರಿಗೆ ಅರ್ಧರ್ಧ ಸಮಾಧಾನ. ನನ್ನ ಅಭಿಪ್ರಾಯದಲ್ಲಿ 45% ಅನ್ನುವುದು ಮಿತಿಯೇ ಅಲ್ಲ. 100 ರೂಪಾಯಿಯ ಬಿಡಿ ಚಾನೆಲ್‌ಗಳು 55ಕ್ಕೆ ಸಿಕ್ಕರೆ ಬಿಡಿ ಆಯ್ಕೆ ಸತ್ತ ಹಾಗೇ.

ಆ ಹೊಸ ದರಕ್ಕೆ ಸಹಿ ಹಾಕಲ್ಲ ಅಂದ ಎಂಎಸ್‌ಒಗಳ ಸಿಗ್ನಲನ್ನು 2023ರ ಫೆಬ್ರವರಿಯಲ್ಲಿ ಸ್ಟಾರ್, ಝೀ, ಸೋನಿ ಕಡಿದವು. ಡಿಜಿಟಲ್ ಕೇಬಲ್ ಒಕ್ಕೂಟದ ಲೆಕ್ಕದಲ್ಲಿ ಸುಮಾರು 4.5 ಕೋಟಿ ಮನೆಗೆ ಚಾನೆಲ್ ಹೋಯಿತು. ಕಡ್ಡಾಯ ಹಂಚಿಕೆ ಅಂದರೆ ಪ್ರಸಾರ ಸಂಸ್ಥೆ ಕೇಳಿದ ದರಕ್ಕೆ ಕಡ್ಡಾಯ ಹಂಚಿಕೆ, ಅಷ್ಟೇ. ನೀವು ಹೇಳಿದ ದರಕ್ಕಲ್ಲ.

ದೋಸೆಕಾವಲಿ

35% ಮೀರಿ ಯಾರಾದರೂ ಕೊಟ್ಟರೆ?

ಕಾನೂನು ಕಟ್ಟೆ

ಸ್ಪರ್ಧಾ ಆಯೋಗದ ಮುಂದೆ ಇಂಥದ್ದೇ ದೂರು ಬಂದಿದೆ. ಕೇರಳದ ಏಷ್ಯಾನೆಟ್ ಡಿಜಿಟಲ್ ನೆಟ್‌ವರ್ಕ್‌ನವರು ಸ್ಟಾರ್ ಇಂಡಿಯಾ ಮೇಲೆ ಹಾಕಿದ್ದು. ತಮ್ಮ ಪ್ರತಿಸ್ಪರ್ಧಿ ಕೇಬಲ್ ಸಂಸ್ಥೆಗೆ ಜಾಹೀರಾತು ಮತ್ತು ಪ್ರಚಾರ ಒಪ್ಪಂದಗಳ ರೂಪದಲ್ಲಿ ಹಣ ವಾಪಸ್ ಹೋಗುತ್ತಿದೆ, ಹಾಗಾಗಿ ನಿಜವಾದ ರಿಯಾಯಿತಿ 35%ಕ್ಕಿಂತ ಬಹಳ ಹೆಚ್ಚು ಅನ್ನುವುದು ಆರೋಪ. 2022ರಲ್ಲಿ ಆಯೋಗ ತನ್ನ ತನಿಖಾ ವಿಭಾಗದ ಮಹಾನಿರ್ದೇಶಕರ ತನಿಖೆಗೆ ಆದೇಶ ಕೊಟ್ಟಿತು. ತನಿಖೆ ಆದೇಶ ಅಂದರೆ ಮೇಲ್ನೋಟಕ್ಕೆ ಹುರುಳಿದೆ ಅಂತಷ್ಟೇ, ತಪ್ಪು ಸಾಬೀತಾಗಿದೆ ಅಂತಲ್ಲ. ಇಂಥ ಪ್ರಕರಣದಲ್ಲಿ ಮೊದಲು ಏಳುವ ತಕರಾರು "ಇದು ಟ್ರಾಯ್ ವಿಷಯ, ನಿಮಗೇನು ಅಧಿಕಾರ" ಅನ್ನುವುದು. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಏರ್‌ಟೆಲ್ ಮತ್ತು ಜಿಯೋ ಜಗಳದಲ್ಲಿ, ವಲಯದ ನಿಯಂತ್ರಕ ಮೊದಲು ತಾಂತ್ರಿಕ ಸಂಗತಿ ತೀರ್ಮಾನಿಸಲಿ, ಆಮೇಲೆ ಸ್ಪರ್ಧಾ ಆಯೋಗ ಅಂದಿತ್ತು. ಆ ತೀರ್ಪನ್ನು ಎಲ್ಲ ಪ್ರತಿವಾದಿಗಳೂ ಗುರಾಣಿ ಮಾಡಿಕೊಳ್ಳುತ್ತಾರೆ.

ಹುಬ್ಬಳ್ಳಿ ಡಿಕೋಡರ್

ಚಾನೆಲ್ ಮಾತು ಸಾಕ್ರಿ. ಮೂಲ ಪ್ರಶ್ನೆ ಪಂದ್ಯದ್ದು. ಐಪಿಎಲ್ ಹರಾಜಿನ ಅಂಕಿ ನೋಡಿದ್ರ ಏಕಸ್ವಾಮ್ಯಕ್ಕ ಎಷ್ಟ ರೊಕ್ಕ ಅಂತ ಕಣ್ಣಿಗೆ ಕಾಣತದ.

2022ರ ಜೂನ್ ಹರಾಜು, 2023ರಿಂದ 2027, ಐದ ಸೀಸನ್ನು, 410 ಪಂದ್ಯ. ಹಕ್ಕು ನಾಲ್ಕ ಭಾಗ. ಎ ಅಂದ್ರ ಭಾರತದ ಟಿವಿ: ಡಿಸ್ನಿ ಸ್ಟಾರ್, ಪಂದ್ಯಕ್ಕ 57.5 ಕೋಟಿ, ಒಟ್ಟ 23,575 ಕೋಟಿ. ಬಿ ಅಂದ್ರ ಭಾರತದ ಡಿಜಿಟಲ್: ವಯಾಕಾಂ18 (ಜಿಯೋಸಿನೆಮಾ ನಡಸ್ತಿದ್ದ ರಿಲಯನ್ಸ್ ಗುಂಪಿನ ಕಂಪನಿ), ಪಂದ್ಯಕ್ಕ 50 ಕೋಟಿ, 20,500 ಕೋಟಿ. ಡಿ ಹೊರದೇಶದ್ದು, 1,057.5 ಕೋಟಿ.

ಮಜಾ ಇರೋದು ಸಿ ಒಳಗ. ಆರಂಭದ ಪಂದ್ಯ, ಎರಡ ಪಂದ್ಯ ಇರೋ ದಿನದ ಸಂಜೀದು, ಪ್ಲೇಆಫ್, ಹಿಂಗ ಆರಿಸಿದ 98 ಪಂದ್ಯದ ಡಿಜಿಟಲ್ ಹಕ್ಕು. ಆದ್ರ ಅದು ಏಕಸ್ವಾಮ್ಯ ಇಲ್ಲದ ಹಕ್ಕು. ಬಿ ಗೆದ್ದವ ಆ ಪಂದ್ಯ ಹೆಂಗೂ ತೋರಸ್ತಿದ್ದ. ಸಿ ಮತ್ತೊಬ್ಬಂಗ ಹೋದ್ರ ಅವನೂ ತೋರಸ್ತಿದ್ದ. ವಯಾಕಾಂ18 ಪಂದ್ಯಕ್ಕ 33.24 ಕೋಟಿಯಂಗ 3,257.5 ಕೋಟಿ ಕೊಟ್ಟು ಸಿ ನೂ ತಗೊಂತು. ಹೊಸಾದು ಒಂದ ಪಂದ್ಯ ಸಿಗಲಿಲ್ಲ. ಸಿಕ್ಕಿದ್ದು ಮತ್ತೊಬ್ಬಂಗ ಸಿಗಬಾರದು ಅನ್ನೋದಷ್ಟ. ಬಿ ಬೆಲೆಯ ಮ್ಯಾಲೆ ಸುಮಾರು 16% ಹೆಚ್ಚಿಗಿ. ಏಕಸ್ವಾಮ್ಯದ ಬೆಲೆ ಇಷ್ಟ ಬಿಚ್ಚಿ ತೋರಿಸಿದ ಹರಾಜು ಅಪರೂಪ ರೀ.

ಹೆಡ್‌ಎಂಡ್ ರಾಯರು

ಇದನ್ನು 2017ರ ಹರಾಜಿನ ಪಕ್ಕ ಇಟ್ಟು ನೋಡಬೇಕು. ಆಗ ಎಲ್ಲ ವಿಭಾಗಕ್ಕೂ ಸೇರಿಸಿ ಒಂದೇ ಬಿಡ್ ಹಾಕಲು ಅವಕಾಶ ಇತ್ತು. ಡಿಜಿಟಲ್‌ಗೆ ಫೇಸ್‌ಬುಕ್ 3,900 ಕೋಟಿ ಹಾಕಿತ್ತು, ಅದು ಆ ವಿಭಾಗದ ಅತಿ ದೊಡ್ಡ ಬಿಡ್. ಆದರೂ ಸ್ಟಾರ್‌ನ ಒಟ್ಟು ಬಿಡ್ 16,347.5 ಕೋಟಿ, ಬಿಡಿ ಬಿಡಿಯಾಗಿ ಗೆದ್ದವರೆಲ್ಲರ ಮೊತ್ತಕ್ಕಿಂತ ಹೆಚ್ಚು. ಹಾಗಾಗಿ ಟಿವಿ, ಡಿಜಿಟಲ್ ಎಲ್ಲ ಒಬ್ಬರಿಗೇ. 2022ರಲ್ಲಿ ಒಟ್ಟು ಬಿಡ್ ತೆಗೆದುಹಾಕಿದರು, ಟಿವಿ ಒಬ್ಬರಿಗೆ ಡಿಜಿಟಲ್ ಇನ್ನೊಬ್ಬರಿಗೆ ಹೋಯಿತು. ಫಲ 2023ರಲ್ಲೇ ಕಂಡಿತು: ಜಿಯೋಸಿನೆಮಾ ಪೂರ್ತಿ ಐಪಿಎಲ್ ಉಚಿತವಾಗಿ ತೋರಿಸಿತು. ಒಂದೇ ಪಂದ್ಯಕ್ಕೆ ಎರಡು ಅಂಗಡಿ ಎದುರುಬದುರು ನಿಂತಾಗ ಆಗುವುದೇ ಅದು.

ಕಾನೂನು ಕಟ್ಟೆ

ಆ ಎರಡು ಅಂಗಡಿ ಆಮೇಲೆ ಒಂದಾಯಿತಲ್ಲ ಸಾರ್. ರಿಲಯನ್ಸ್ ಮತ್ತು ಡಿಸ್ನಿ ವಿಲೀನಕ್ಕೆ ಸ್ಪರ್ಧಾ ಆಯೋಗ 2024ರ ಆಗಸ್ಟ್ 28ರಂದು ಷರತ್ತಿನ ಒಪ್ಪಿಗೆ ಕೊಟ್ಟಿತು, ನವೆಂಬರ್ 14ಕ್ಕೆ ವ್ಯವಹಾರ ಮುಗಿಯಿತು. ಮೌಲ್ಯ 70,352 ಕೋಟಿ. ಐಪಿಎಲ್ ಟಿವಿ, ಐಪಿಎಲ್ ಡಿಜಿಟಲ್, 2027ರವರೆಗಿನ ಐಸಿಸಿ, 2028ರ ಮಾರ್ಚ್‌ವರೆಗಿನ ಬಿಸಿಸಿಐ ತವರು ಪಂದ್ಯ, ಎಲ್ಲ ಒಂದೇ ಸೂರಿನಡಿ. ಮನರಂಜನೆಯಲ್ಲೂ ನಮಗೆ ತಟ್ಟುವ ಸಂಗತಿ ಇದೆ: ಕಲರ್ಸ್ ಕನ್ನಡ ಒಬ್ಬರದು, ಸ್ಟಾರ್ ಸುವರ್ಣ ಇನ್ನೊಬ್ಬರದು ಆಗಿತ್ತು, ಈಗ ಒಬ್ಬರದೇ.

ಷರತ್ತುಗಳಲ್ಲಿ ಮುಖ್ಯವಾದದ್ದು, ಐಪಿಎಲ್, ಐಸಿಸಿ, ಬಿಸಿಸಿಐ ಪಂದ್ಯಗಳ ಟಿವಿ ಜಾಹೀರಾತು ಮತ್ತು ಆ್ಯಪ್ ಜಾಹೀರಾತನ್ನು ಒಟ್ಟಿಗೆ ಕಟ್ಟಿ ಮಾರಬಾರದು, ಈಗಿನ ಹಕ್ಕಿನ ಅವಧಿ ಮುಗಿಯುವ ತನಕ. ಕೆಲವು ಚಾನೆಲ್ ಮಾರಿ ಹೊರಬರಬೇಕು ಅನ್ನುವುದೂ ಇದೆ. ಗಮನಿಸಿ, ಜಾಹೀರಾತುದಾರನ ರಕ್ಷಣೆಗೆ ಸ್ಪಷ್ಟ ಷರತ್ತು ಇದೆ. 2023ರಲ್ಲಿ ನೋಡುಗನಿಗೆ ಸಿಕ್ಕಿದ್ದ ಲಾಭ ಉಳಿಯುತ್ತೆ ಅನ್ನುವ ಷರತ್ತು ಇಲ್ಲ. 2025ರ ಫೆಬ್ರವರಿ 14ಕ್ಕೆ ಜಿಯೋಹಾಟ್‌ಸ್ಟಾರ್ ಬಂತು, ಆಗ ಮೂರು ತಿಂಗಳಿಗೆ 149 ರೂ.ಯಿಂದ ಚಂದಾ ಶುರುವಾಗುತ್ತಿತ್ತು.

ಟೆಂಟ್ ಸಿನಿಮಾ

ಹಾಗಾದರೆ ಡಿಡಿಯಲ್ಲಿ ಬರೋದು ಹೇಗೆ? ಅಲ್ಲಿ ಹಕ್ಕು ಲೆಕ್ಕಕ್ಕಿಲ್ವಾ?

ಹೆಡ್‌ಎಂಡ್ ರಾಯರು

2007ರ ಕಾಯ್ದೆ. ರಾಷ್ಟ್ರೀಯ ಮಹತ್ವದ್ದು ಅಂತ ಸರ್ಕಾರ ಅಧಿಸೂಚಿಸಿದ ಕ್ರೀಡೆಯ ನೇರ ಸಿಗ್ನಲನ್ನು ಹಕ್ಕುದಾರರು ಪ್ರಸಾರ ಭಾರತಿಗೆ ಜಾಹೀರಾತು ತೆಗೆದು ಕೊಡಬೇಕು. ಟಿವಿ ಜಾಹೀರಾತು ಆದಾಯ 75:25, ದೊಡ್ಡ ಪಾಲು ಹಕ್ಕುದಾರರಿಗೆ, ರೇಡಿಯೋದಲ್ಲಿ ಅರ್ಧರ್ಧ. ಭಾರತ ತಂಡ ಆಡುವ ಪಂದ್ಯ, ವಿಶ್ವಕಪ್ ಸೆಮಿಫೈನಲ್, ಫೈನಲ್ ಇಂಥವು ಪಟ್ಟಿಯಲ್ಲಿವೆ. ಐಪಿಎಲ್ ಇಲ್ಲ.

ಒಂದು ಗೊಂದಲ ಎಲ್ಲರಿಗೂ ಇದೆ. 2017ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಆ ಹಂಚಿಕೊಂಡ ಸಿಗ್ನಲ್ ಡಿಡಿಯ ಭೂತಲ ಪ್ರಸಾರ ಮತ್ತು ಡಿಡಿ ಫ್ರೀ ಡಿಶ್‌ಗೆ ಮಾತ್ರ. ಖಾಸಗಿ ಕೇಬಲ್, ಡಿಟಿಎಚ್‌ನಲ್ಲಿ ಡಿಡಿ ಚಾನೆಲ್ ಬಂದರೂ ಆ ಪಂದ್ಯ ಬರಬಾರದು. "ನಮ್ಮ ಕೇಬಲ್‌ನವರು ಡಿಡಿ ಮ್ಯಾಚ್ ಕಟ್ ಮಾಡಿದರು" ಅನ್ನುವ ದೂರು ಹಾಗೆ ಹುಟ್ಟುತ್ತೆ. ಕಟ್ ಮಾಡದಿದ್ದರೆ ಅವರ ಮೇಲೆ ಕೇಸು.

ಲಂಡನ್ ಲಗೋರಿ

ಇಲ್ಲಿನ ಕಥೆ ಸ್ವಲ್ಪ ಹೇಳ್ತೀನಿ, ಯಾಕಂದರೆ "ಹಕ್ಕನ್ನು ಹೋಳು ಮಾಡಿ ಹಂಚಿ, ಸ್ಪರ್ಧೆ ತಾನೇ ಬರುತ್ತೆ" ಅನ್ನುವ ವಾದ ಇಲ್ಲಿ ಪರೀಕ್ಷೆಗೆ ಒಳಗಾಗಿದೆ. 1992ರಿಂದ ಪ್ರೀಮಿಯರ್ ಲೀಗ್ ಫುಟ್‌ಬಾಲ್ ನೇರ ಪ್ರಸಾರ ಪೂರ್ತಿ ಸ್ಕೈ (ಇಲ್ಲಿನ ಚಂದಾ ಟಿವಿ ಸಂಸ್ಥೆ) ಕೈಯಲ್ಲಿತ್ತು. ಯುರೋಪಿಯನ್ ಆಯೋಗ ಒತ್ತಡ ಹಾಕಿ 2006ರಲ್ಲಿ ಲೀಗ್‌ನಿಂದ ಬದ್ಧತೆ ಬರೆಸಿಕೊಂಡಿತು: ಆರು ಪ್ಯಾಕೇಜ್, ಆರನ್ನೂ ಒಬ್ಬರೇ ಕೊಳ್ಳುವ ಹಾಗಿಲ್ಲ. 138 ಪಂದ್ಯದಲ್ಲಿ 92 ಸ್ಕೈಗೆ, 46 ಸೆಟಾಂಟಾ ಅನ್ನುವ ಕ್ರೀಡಾ ಚಾನೆಲ್‌ಗೆ ಹೋಯಿತು. ಸೆಟಾಂಟಾ 2009ರ ಜೂನ್‌ನಲ್ಲಿ ಮುಳುಗಿತು.

ಆಮೇಲೆ ಬಿಟಿ (ಇಲ್ಲಿನ ಟೆಲಿಕಾಂ ಸಂಸ್ಥೆ) ಬಂತು. 2013ರಿಂದ ಮೂರು ವರ್ಷಕ್ಕೆ 154 ಪಂದ್ಯದಲ್ಲಿ 38 ಅದಕ್ಕೆ. ಹಕ್ಕಿನ ಒಟ್ಟು ಬೆಲೆ 301.8 ಕೋಟಿ ಪೌಂಡ್. ಮುಂದಿನ ಮೂರು ವರ್ಷಕ್ಕೆ 513.6 ಕೋಟಿ ಪೌಂಡ್. ಇದು ಕ್ಲಬ್‌ಗಳಿಗೆ ಹಬ್ಬ. ನೋಡುಗನಿಗೆ? ಮೊದಲು ಒಂದು ಚಂದಾ, ಈಗ ಎರಡು. ಯಾಕಂದರೆ ಒಂದೇ ಪಂದ್ಯ ಇಬ್ಬರ ಹತ್ತಿರ ಇಲ್ಲ. ಶನಿವಾರದ್ದು ಒಬ್ಬರ ಬಳಿ, ಭಾನುವಾರದ್ದು ಇನ್ನೊಬ್ಬರ ಬಳಿ. ಹೋಳು ಮಾಡಿದ್ದು ಏಕಸ್ವಾಮ್ಯವನ್ನು, ಆದರೆ ಪ್ರತಿ ಹೋಳೂ ಏಕಸ್ವಾಮ್ಯವೇ.

ನಿಜವಾಗಿ ಉಪಯೋಗಕ್ಕೆ ಬರಬಹುದಿತ್ತು ಅನ್ನಿಸುವುದು ಇಲ್ಲಿನ ಪ್ರಸಾರ ನಿಯಂತ್ರಕ ಆಫ್‌ಕಾಮ್ 2010ರ ಮಾರ್ಚ್ 31ರಂದು ಮಾಡಿದ್ದು. ಸ್ಕೈ ಸ್ಪೋರ್ಟ್ಸ್ 1 ಮತ್ತು 2 ಚಾನೆಲ್‌ಗಳನ್ನು ನಿಗದಿತ ಸಗಟು ದರದಲ್ಲಿ ಪ್ರತಿಸ್ಪರ್ಧಿಗಳಿಗೂ ಕೊಡಬೇಕು ಅಂತ ಆದೇಶ. ನಿಮ್ಮ ಮಸ್ಟ್ ಪ್ರೊವೈಡ್‌ನ ಹತ್ತಿರದ ನೆಂಟ. ಸ್ಕೈ ಮೇಲ್ಮನವಿ ಹೋಯಿತು, 2012ರಲ್ಲಿ ಸ್ಪರ್ಧಾ ಮೇಲ್ಮನವಿ ಮಂಡಳಿ ಸ್ಕೈ ಪರ, 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಮತ್ತೆ ಪರಿಶೀಲಿಸಿ ಅಂದಿತು, 2015ರ ನವೆಂಬರ್‌ನಲ್ಲಿ ಆಫ್‌ಕಾಮ್ ತಾನೇ ಆದೇಶ ವಾಪಸ್ ತಗೊಂಡಿತು. ಐದು ವರ್ಷ ಬರೀ ಕಾಗದ ಓಡಾಡಿದ್ದು.

ಕುಂದಾಪ್ರ ಭಟ್ರು

ಹಾಗಾದ್ರೆ ಆ್ಯಪ್‌ಗೂ ಮಸ್ಟ್ ಪ್ರೊವೈಡ್ ತನ್ನಿ ಅಂತ ಆಯ್ತಲ್ಲ ಮಾರಾಯ್ರೆ?

ಹೆಡ್‌ಎಂಡ್ ರಾಯರು

ಅಷ್ಟು ಸುಲಭ ಇಲ್ಲ ಭಟ್ಟರೇ. ಟಿವಿ ಚಾನೆಲ್ ಒಂದು ಸಿದ್ಧ ಸರಕು. ಜಾಹೀರಾತು ಫೀಡ್‌ನೊಳಗೇ ಕೂತು ಬರುತ್ತೆ. ಯಾವ ವಿತರಕನ ಮೂಲಕ ಹೋದರೂ ಜಾಹೀರಾತಿನ ದುಡ್ಡು ಪ್ರಸಾರ ಸಂಸ್ಥೆಗೇ. ಹಾಗಾಗಿ ಎಲ್ಲರಿಗೂ ಕೊಡುವುದರಲ್ಲಿ ಅವರಿಗೆ ನಷ್ಟ ಇಲ್ಲ, ತಲುಪುವ ಮನೆ ಹೆಚ್ಚುತ್ತೆ.

ಆ್ಯಪ್‌ನಲ್ಲಿ ಓವರ್ ಮುಗಿದಾಗ ಬರುವ ಜಾಹೀರಾತು ಸರ್ವರ್‌ನಿಂದ ಪ್ರತಿ ನೋಡುಗನಿಗೂ ಬೇರೆ ಬೇರೆ ತುರುಕುವಂಥದ್ದು. ಸ್ಟ್ರೀಮನ್ನು ಇನ್ನೊಂದು ಆ್ಯಪ್‌ಗೆ ಕೊಟ್ಟರೆ ಆ ಜಾಗ ಯಾರು ಮಾರಬೇಕು? ನೋಡುಗನ ಲಾಗಿನ್, ಸಾಧನ, ಊರು, ಈ ದತ್ತಾಂಶ ಯಾರದು? ಸಿಡಿಎನ್ (ವಿಡಿಯೋ ತಲುಪಿಸುವ ಸರ್ವರ್ ಜಾಲ) ಖರ್ಚು ಯಾರ ತಲೆಗೆ? ಚಂದಾದಾರರ ಎಣಿಕೆ 7, 14, 21, 28ರ ಲೆಕ್ಕದಲ್ಲಿ ಆಗಲ್ಲ. ಒಂದು ಪಂದ್ಯಕ್ಕೆ ಬಂದು ಹೋಗುವವರೇ ಜಾಸ್ತಿ. ಇವಕ್ಕೆಲ್ಲ ದರಸೂತ್ರ ಬರೆಯದೆ 'ಕೊಡಲೇಬೇಕು' ಅಂದರೆ, ಕೊಡಲಾಗದ ದರ ಹೇಳಿ ಕೂರುತ್ತಾರೆ. ಆಫ್‌ಕಾಮ್ ಐದು ವರ್ಷ ಸುತ್ತಿದ್ದೂ ದರದ ಸುತ್ತಲೇ.

ನನ್ನ ಮಟ್ಟಿಗೆ ಸರಿಪಡಿಸಬೇಕಾದ ಜಾಗ ಹರಾಜಿನ ಷರತ್ತು. ಡಿಡಿಕೋಡರ್ ಅವರು ತೋರಿಸಿದ ಸಿ ಪ್ಯಾಕೇಜನ್ನೇ ತಗೊಳ್ಳಿ. ಬಿ ಗೆದ್ದವರು ಸಿ ಗೆಲ್ಲುವಂತಿಲ್ಲ ಅನ್ನುವ ಒಂದು ಸಾಲು ಇದ್ದಿದ್ದರೆ, 98 ದೊಡ್ಡ ಪಂದ್ಯ ಎರಡು ಆ್ಯಪ್‌ನಲ್ಲಿ ಬರುತ್ತಿತ್ತು. ಅದು ಲಂಡನ್ನಿನ ಹೋಳಲ್ಲ, ಒಂದೇ ಪಂದ್ಯ ಎರಡು ಕಡೆ.

ಹುಬ್ಬಳ್ಳಿ ಡಿಕೋಡರ್

ಡಿಕೋಡರ್ ಒಂದ ಡಿ ರೀ ರಾಯರ 😀 ಆದ್ರ ಆ ಸಾಲ ಇದ್ದಿದ್ರ ಬಿ 20,500ಕ್ಕ ಹೋಗ್ತಿತ್ತೇನು? ಮಾರಾವಂಗೇನ ಗರಜ ಬಿದ್ದದ ಆ ಸಾಲ ಬರಿಯಾಕ?

ಕಾನೂನು ಕಟ್ಟೆ

ಮಾರುವವರ ಮೇಲೂ ಸ್ಪರ್ಧಾ ಕಾಯ್ದೆ ಅನ್ವಯಿಸುತ್ತೆ ಅನ್ನುವುದು ಆಗಲೇ ತೀರ್ಮಾನವಾದ ಮಾತು. ಮೊದಲ ಐಪಿಎಲ್ ಪ್ರಸಾರ ಒಪ್ಪಂದದಲ್ಲಿ, ಹತ್ತು ವರ್ಷ ಐಪಿಎಲ್‌ಗೆ ಪೈಪೋಟಿ ಕೊಡುವ ಬೇರೆ ಟಿ20 ಲೀಗನ್ನು ನಡೆಸಲ್ಲ, ಮಾನ್ಯ ಮಾಡಲ್ಲ ಅಂತ ಬಿಸಿಸಿಐ ಪ್ರಸಾರಕರಿಗೆ ಮಾತು ಕೊಟ್ಟಿತ್ತು. ಇದನ್ನು ಪ್ರಾಬಲ್ಯದ ದುರ್ಬಳಕೆ ಅಂತ ಹೇಳಿ ಸ್ಪರ್ಧಾ ಆಯೋಗ 2013ರ ಫೆಬ್ರವರಿಯಲ್ಲಿ 52.24 ಕೋಟಿ ದಂಡ ಹಾಕಿತು. ವಿಚಾರಣೆಯಲ್ಲಿ ಬಿಸಿಸಿಐಗೆ ಸರಿಯಾದ ಅವಕಾಶ ಸಿಗಲಿಲ್ಲ ಅಂತ 2015ರಲ್ಲಿ ಮೇಲ್ಮನವಿ ಮಂಡಳಿ ಆದೇಶ ರದ್ದು ಮಾಡಿ ವಾಪಸ್ ಕಳಿಸಿತು. 2017ರ ನವೆಂಬರ್‌ನಲ್ಲಿ ಆಯೋಗ ಮತ್ತೆ ಅದೇ ಮೊತ್ತದ ದಂಡ ಹಾಕಿತು. ಹಾಗಾಗಿ ಹರಾಜಿನ ಷರತ್ತು ಕಾಯ್ದೆಯ ಹೊರಗಿಲ್ಲ.

ಟೆಂಟ್ ಸಿನಿಮಾ

ಕ್ರಿಕೆಟ್ ಬಿಟ್ಟು ಕನ್ನಡ ಸಿನಿಮಾದ್ದು ಕೇಳ್ತೀನಿ. ಹಳೆ ಚಿತ್ರದ ಸ್ಯಾಟಲೈಟ್ ಹಕ್ಕು ಒಂದು ಚಾನೆಲ್‌ಗೆ ಕೊಟ್ಟಿದ್ದರೆ ಅದೇ ಚಾನೆಲ್‌ನ ಆ್ಯಪ್‌ನಲ್ಲೂ ಹಾಕಬಹುದಾ?

ಕಾನೂನು ಕಟ್ಟೆ

ಪತ್ರ ಬಿಚ್ಚಿ ನೋಡದೆ ಹೇಳಬಾರದು, ಆದರೆ ನೋಡಬೇಕಾದ್ದು ಇವು. ಕೃತಿಸ್ವಾಮ್ಯ ಕಾಯ್ದೆಯ 18ನೇ ಕಲಂಗೆ 2012ರಲ್ಲಿ ಸೇರಿಸಿದ ಸಾಲಿನ ಪ್ರಕಾರ, ಹಕ್ಕು ಬರೆದುಕೊಟ್ಟ ಕಾಲದಲ್ಲಿ ಇಲ್ಲದಿದ್ದ ಅಥವಾ ವ್ಯಾಪಾರಕ್ಕೆ ಬಳಕೆಯಲ್ಲಿಲ್ಲದ ಮಾಧ್ಯಮಕ್ಕೆ ಆ ಹಕ್ಕು ಹಬ್ಬುವುದಿಲ್ಲ, ಪತ್ರದಲ್ಲಿ ಆ ಮಾಧ್ಯಮದ ಹೆಸರು ಹೇಳಿದ್ದರೆ ಮಾತ್ರ ಹಬ್ಬುತ್ತದೆ. 19ನೇ ಕಲಂ ಪ್ರಕಾರ ಅವಧಿ ಬರೆದಿಲ್ಲದಿದ್ದರೆ ಐದು ವರ್ಷ, ಪ್ರದೇಶ ಬರೆದಿಲ್ಲದಿದ್ದರೆ ಭಾರತದೊಳಗೆ ಅಂತ ಭಾವಿಸುತ್ತಾರೆ. 2012ಕ್ಕೂ ಹಿಂದಿನ ಪತ್ರಕ್ಕೆ ತಿದ್ದುಪಡಿ ಹೇಗೆ ತಟ್ಟುತ್ತೆ ಅನ್ನುವುದಕ್ಕೆ ವಕೀಲರು ಬೇಕೇ ಬೇಕು.

ಈಗ ಹೊಸದಾಗಿ ಪತ್ರ ಮಾಡುವ ನಿರ್ಮಾಪಕರು 'ಸ್ಯಾಟಲೈಟ್ ಮತ್ತು ಡಿಜಿಟಲ್' ಅಂತ ಒಂದೇ ಸಾಲಿನಲ್ಲಿ ಬಿಡಬಾರದು. ಸ್ಯಾಟಲೈಟ್, ಕೇಬಲ್, ಚಂದಾ ಆ್ಯಪ್, ಜಾಹೀರಾತಿನ ಉಚಿತ ಆ್ಯಪ್, ಬಾಡಿಗೆಗೆ ನೋಡುವುದು, ಯೂಟ್ಯೂಬ್, ವಿಮಾನದೊಳಗೆ, ಹೀಗೆ ಒಂದೊಂದೂ ಬೇರೆ. ಪ್ರತಿಯೊಂದಕ್ಕೂ ಏಕಸ್ವಾಮ್ಯ ಇದೆಯೋ ಇಲ್ಲವೋ, ಎಷ್ಟು ವರ್ಷ, ಎಷ್ಟು ಸಲ ಪ್ರಸಾರ, ಡಬ್ಬಿಂಗ್ ಹಕ್ಕು ಸೇರಿದೆಯೋ. ಚಾನೆಲ್‌ನಲ್ಲಿ ಬಂದ ಮೇಲೆ ಅವರ ಆ್ಯಪ್‌ನಲ್ಲಿ ಎಷ್ಟು ದಿನ ಇರಬಹುದು ಅನ್ನುವುದನ್ನು ಮರೆತರೆ, ನಾಳೆ ಆ್ಯಪ್ ಹಕ್ಕು ಕೊಳ್ಳಲು ಬಂದವರು "ಆಗಲೇ ಅಲ್ಲಿದೆಯಲ್ಲ" ಅಂತ ಬೆಲೆ ಕಡಿತಾರೆ. ತಡೆ ಅವಧಿ, ಅಂದರೆ ಥಿಯೇಟರ್ ಆದ ಮೇಲೆ ಆ್ಯಪ್‌ಗೆ, ಆ್ಯಪ್ ಆದ ಮೇಲೆ ಚಾನೆಲ್‌ಗೆ ಎಷ್ಟು ದಿನ ಕಾಯಬೇಕು ಅನ್ನುವುದೂ ದಿನಗಳ ಲೆಕ್ಕದಲ್ಲಿ ಇರಲಿ.

ಟೆಂಟ್ ಸಿನಿಮಾ

ಕೊನೇದು. ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ನಲ್ಲಿ ಆ್ಯಪ್ ಹಾಕಿ ಪರದೆ ಮೇಲೆ ಫೈನಲ್ ತೋರಿಸಬಹುದಾ? ಟಿಕೆಟ್ ಇಲ್ಲ.

ಕಾನೂನು ಕಟ್ಟೆ

ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಂ ಹಣ ವಸೂಲಿ ಮಾಡಿ ಸಾರ್ವಜನಿಕರಿಗೆ ಪ್ರಸಾರ ತೋರಿಸುವುದನ್ನು ತಡೆಯುತ್ತದೆ. ಟಿಕೆಟ್ ಇಲ್ಲ ಅಂದಮಾತ್ರಕ್ಕೆ ಪಾರಾದಿರಿ ಅಂತಲ್ಲ. ಆ್ಯಪ್ ಚಂದಾ ವೈಯಕ್ತಿಕ ಬಳಕೆಗೆ ಅಂತ ಷರತ್ತಿನಲ್ಲಿ ಇರುತ್ತೆ, ಅದು ಮುರಿದರೆ ಖಾತೆ ಬಂದ್ ಮಾಡಬಹುದು. ಹೋಟೆಲ್, ಪಬ್‌ನವರಿಗೆ ವಾಣಿಜ್ಯ ಚಂದಾ ಬೇರೆಯೇ ಇದೆ. ಕೇಬಲ್‌ನವರು ಆ್ಯಪ್ ಸ್ಟ್ರೀಮನ್ನು ಎಚ್‌ಡಿಎಂಐ ಎನ್‌ಕೋಡರ್‌ಗೆ ಹಾಕಿ ಲೋಕಲ್ ಚಾನೆಲ್‌ನಲ್ಲಿ ಬಿಟ್ಟರೆ ಅದು ನೇರ ಉಲ್ಲಂಘನೆ.

ದೋಸೆಕಾವಲಿ

ತುಂಬಾ ಉಪಕಾರ ಆಯ್ತು ಎಲ್ಲರಿಗೂ. ಹರಾಜಿನ ಷರತ್ತಿನ ಬಗ್ಗೆ ನನ್ನಂಥ ಸಾಮಾನ್ಯ ನೋಡುಗ ಸ್ಪರ್ಧಾ ಆಯೋಗಕ್ಕೆ ಬರೆಯಬಹುದಾ, ಇಲ್ಲ ಕಂಪನಿಯವರೇ ಬರೆಯಬೇಕಾ?

ಕಾನೂನು ಕಟ್ಟೆ

ಯಾರು ಬೇಕಾದರೂ ಬರೆಯಬಹುದು. ದೂರುದಾರನಿಗೆ ಸ್ವತಃ ನಷ್ಟ ಆಗಿರಬೇಕಿಲ್ಲ ಅಂತ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ಪರ್ಧಾ ಕಾಯ್ದೆಯ 19(1)(ಎ) ಅಡಿಯ ಮಾಹಿತಿ ಅಂತ ಸಲ್ಲಿಸಬೇಕು, ವ್ಯಕ್ತಿಗಳಿಗೆ ಶುಲ್ಕ 5,000 ರೂ. ಘಟನೆ ನಡೆದ ಮೂರು ವರ್ಷದೊಳಗೆ ಹಾಕಬೇಕು ಅನ್ನುವುದು 2023ರ ತಿದ್ದುಪಡಿ, ಹಾಗಾಗಿ 2022ರ ಹರಾಜಿನ ಮೇಲೆ ಈಗ ಬರೆದರೆ ಮೊದಲು ವಿಳಂಬಕ್ಕೇ ಕಾರಣ ಕೊಡಬೇಕಾಗುತ್ತೆ. ಮುಂದಿನ ಹರಾಜಿನ ಟೆಂಡರ್ ಪತ್ರ ಹೊರಬಿದ್ದಾಗ ನೋಡಿ. ಅರ್ಜಿಯಲ್ಲಿ ಸಂಬಂಧಿತ ಮಾರುಕಟ್ಟೆ ಯಾವುದು ಅಂತ ಮೊದಲು ಬರೆಯಿರಿ. 'ಭಾರತದಲ್ಲಿ ಮನರಂಜನೆ' ಅಂತ ಅಗಲವಾಗಿ ಬರೆದರೆ ಯಾರೂ ಪ್ರಬಲರಲ್ಲ ಅಂತ ಆಗಿ 26(2)ರಲ್ಲಿ ಕಡತ ಮುಚ್ಚುತ್ತಾರೆ. 'ಪ್ರಮುಖ ಕ್ರಿಕೆಟ್ ಪಂದ್ಯಗಳ ಡಿಜಿಟಲ್ ಪ್ರಸಾರ ಹಕ್ಕು' ಅಂತ ಇಕ್ಕಟ್ಟಾಗಿ ಬರೆದು, ಇದಕ್ಕೆ ಬದಲಿ ಸರಕು ಇಲ್ಲ ಅನ್ನುವುದಕ್ಕೆ ಬಿಡ್‌ನ ಅಂಕಿಗಳನ್ನೇ ಸಾಕ್ಷಿ ಮಾಡಿ. 33.24 ಕೋಟಿಯ ಆ ಸಿ ಪ್ಯಾಕೇಜನ್ನು ಮರೆಯಬೇಡಿ.